ಅರ್ಜಿಗೊಂದು ಕಷ್ಟ ಹುಡುಕುವ ಅಣ್ಣ

ಏ ಎದುರುಮನೆಯವರೇ, ಮೇಲಿನ ಮಹಡಿಯವರೇ, ಒಂದು ಗಳಿಗೆ ಇತ್ತ ಕಿವಿ ಕೊಡಿ, ಕಾಲೇಜಿನ ಅರ್ಜಿಗೆ ಪ್ರಬಂಧ ಬರೆಯುವ ಅಣ್ಣನನ್ನು ತೋರಿಸುತ್ತೇನೆ! 'ನಿಮ್ಮನ್ನು ಬದಲಿಸಿದ ಅನುಭವ ಬರೆಯಿರಿ' ಎಂದು ಕಾಲೇಜು ಕೇಳಿದ್ದೇ ತಡ, ಊಟ, ನಿದ್ದೆ, ಮೊಬೈಲು ಬಿಟ್ಟರೆ ಬೇರೆ ಅನುಭವವೇ ಇಲ್ಲದ ಈ ಮಹಾಶಯ ಮನೆಯವರ ಕಷ್ಟಗಳನ್ನೆಲ್ಲ ಜಾಲಾಡತೊಡಗುತ್ತಾನೆ. ಅಡುಗೆಮನೆಗೆ ಹೋಗಿ, "ಅಮ್ಮಾ, ಚಿಕ್ಕವಳಿದ್ದಾಗ ನೀನು ಉಪವಾಸ ಗಿಪವಾಸ ಬಿದ್ದಿದ್ಯಾ?" ಎನ್ನುತ್ತಾನೆ. "ಈಗ ಬೀಳ್ತಿದೀನಲ್ಲೋ, ನೀನು ಪಾತ್ರೆ ಬಳಿದು ತಿಂದ ಮೇಲೆ!" ಎಂದು ಅಮ್ಮ ಸೌಟು ಎತ್ತುತ್ತಾಳೆ. ಮಂಡಿ ಆಪರೇಷನ್ ಆದ ತಾತ ನಡೆದಾಡುವುದನ್ನು ಕಂಡರೆ, "ಇಷ್ಟು ಬೇಗ ವಾಸಿಯಾಗಿಬಿಟ್ಯಲ್ಲ ತಾತಾ" ಎಂದು ಮುಖ ಸಪ್ಪಗೆ ಮಾಡುತ್ತಾನೆ. ನಾಚಿಕೆ ಬೇಡವೇ? ಕೊನೆಗೆ ಅವನ ಕಣ್ಣು ಬಿದ್ದದ್ದು ಮಾತು ತೊದಲುವ ತಂಗಿಯ ಮೇಲೆ. ಶಾಲೆಯಲ್ಲಿ ಹಾಜರಿ ಕರೆಯುವಾಗ ಅವಳ ಎದೆ ಎಷ್ಟು ಬಡಿದುಕೊಳ್ಳುತ್ತದೆ ಎಂದು ಒಂದು ದಿನವೂ ಕೇಳದವನು, 'ತಂಗಿಯ ತೊದಲು ನನಗೆ ತಾಳ್ಮೆ ಕಲಿಸಿತು' ಎಂದು ಎರಡು ಪುಟ ಗೀಚಿದ. ಅವಳ ಭುಜದ ಮೇಲೆ ಕೈಯಿಟ್ಟು ತಾನು ಧೈರ್ಯ ಹೇಳಿದಂತೆಯೂ ಕಲ್ಪಿಸಿ ಬರೆದ. ಕಂಪ್ಯೂಟರಿನ ಪರದೆಯಲ್ಲಿ ಅದನ್ನು ಓದಿದ ತಂಗಿಗೆ ಮೈಯೆಲ್ಲ ಉರಿದುಹೋಯಿತು. ಅವಳ ಸಂಕಟ, ಅವನ ಹೆಚ್ಚುಗಾರಿಕೆ! ಕಳಿಸಬೇಡ ಎನ್ನಲು ಅವನ ಕೈ ಹಿಡಿದುಕೊಂಡು, "ಅಣ್ಣಾ, ಇದು ಬೇ... ಬೇ..." ಎಂದಳು. "ಬೇಗ ಹೇಳೇ, ನಿಂಗೋಸ್ಕರ ಕಾಯ್ತಾ ಕೂರೋಕಾಗಲ್ಲ" ಎನ್ನುತ್ತ ಅಣ್ಣ ಕೈ ಕೊಡವಿಕೊಂಡು, ಅವಳ ಮಾತು ಮುಗಿಯುವ ಮೊದಲೇ ಪ್ರಬಂಧವನ್ನು ಕಳಿಸಿಬಿಟ್ಟ.