ಮೈಲ್‌ಸಾಮಿ ಮಾಮ ತಿನ್ನದ ಸ್ಕೋನ್

ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ, ಮಾತು ಜೋಡಿಸಲೂ ಸರಿಯಾಗಿ ಬರುವುದಿಲ್ಲ. ದಯವಿಟ್ಟು ಕ್ಷಮಿಸಿ. ತಮಿಳುನಾಡಿನ ಕಾಂಗೇಯದ ಶಾಲೆಯಲ್ಲಿ ನಾನು ಕಲಿತಿದ್ದು ತಮಿಳು, ಅದನ್ನೂ ಒಂಬತ್ತನೇ ತರಗತಿಗೆ ಬಿಟ್ಟೆ. ಮನೆಮಾತಾದ ಕನ್ನಡ ಬರೆಯಲು ಹೇಳಿಕೊಟ್ಟವರು ಅಜ್ಜಿ ಸುಶೀಲಮ್ಮ. ತಪ್ಪಾಗಬಾರದೆಂದು ಪ್ರತಿ ಸಾಲನ್ನೂ ಎರಡು ಸಲ ಬರೆದಿದ್ದೇನೆ.

ಇದು ಅಮ್ಮನ ಅಣ್ಣ ಮೈಲ್‌ಸಾಮಿ ಮಾಮನ ಕಥೆ. ಹದಿನೈದನೇ ವಯಸ್ಸಿಗೆ ಕುನ್ನೂರಿನ ಬೇಕರಿಯೊಂದರಲ್ಲಿ ತಟ್ಟೆ ತೊಳೆಯಲು ಸೇರಿ, ಅಲ್ಲೇ ಸ್ಕೋನ್ ಮಾಡುವುದನ್ನು ಕಲಿತರು. ಈಗ ಇಪ್ಪತ್ತೆರಡು ವರ್ಷದಿಂದ ಕಾಂಗೇಯದ ಒಂದು ಬೇಕರಿಗೆ ಅವರೇ ಮಾಸ್ಟರ್. ಮೊಣಕೈವರೆಗೂ ಸುಟ್ಟ ಕಲೆಗಳು. ಮೈದಾ ತೂಗುವುದಿಲ್ಲ, ಕೈಯಲ್ಲೇ ಅಳೆಯುತ್ತಾರೆ.

ಭಾನುವಾರ ಬೇಕರಿ ಅರ್ಧ ದಿನ. ಒಲೆಯಲ್ಲಿ ಉಳಿದ ಬಿಸಿಗೆ ನಮಗೆಂದು ಒಂದು ತಟ್ಟೆ ಸ್ಕೋನ್ ಸುಟ್ಟು ತರುತ್ತಾರೆ. ಅದು ಬನ್ನಿನಷ್ಟು ಮೆತ್ತಗಲ್ಲ, ಬಿಸ್ಕತ್ತಿನಷ್ಟು ಗಟ್ಟಿಯಲ್ಲ. ಮೇಲೆ ಸವರಿದ ಸಕ್ಕರೆ ಪಾಕ ಗಾಜಿನಂತೆ ಹೊಳೆಯುತ್ತದೆ. ನಾಲ್ಕು ಗಂಟೆಗೆ ಎಲ್ಲರೂ ನೆಲದ ಮೇಲೆ ಕಾಲು ಚಾಚಿ ಕೂತು ಟೀ ಜೊತೆ ತಿನ್ನುತ್ತೇವೆ. ಪಾಕದಲ್ಲಿನ ಕಂದು ಚುಕ್ಕೆಗಳನ್ನು ನೋಡಿ ಅಮ್ಮ, "ಅಣ್ಣ ಏಲಕ್ಕಿ ಹಾಕೋಕೆ ಕೈ ಬಿಗಿ ಹಿಡಿಯೋದೇ ಇಲ್ಲ" ಎನ್ನುತ್ತಿದ್ದರು. ನಾನೂ ಹಾಗೇ ನಂಬಿ ವರ್ಷಗಟ್ಟಲೆ ತಿಂದೆ.

ಈ ವರ್ಷ, 2007ರ ಆಡಿ, ಅಂದರೆ ಆಷಾಢ ತಿಂಗಳಲ್ಲಿ ಅಪ್ಪ ಖಡಾಖಂಡಿತವಾಗಿ ಹೇಳಿದರು: ಮಾಮನ ಹತ್ತಿರ ಕೆಲಸ ಕಲಿ, ಇಲ್ಲದಿದ್ದರೆ ತಿರುಪ್ಪೂರಿನ ಬನಿಯನ್ ಕಂಪೆನಿಗೆ ಕೆಲಸದವರನ್ನು ಒಯ್ಯುವ ವ್ಯಾನು ಹತ್ತು. ವ್ಯಾನು ತುಂಬ ಗುರುತಿಲ್ಲದವರು. ಅದನ್ನು ಹತ್ತಲು ನನಗೆ ಮನಸ್ಸಿಲ್ಲ. ಸೋಮವಾರದಿಂದ ಮಾಮನ ಹತ್ತಿರ ಎಂದಾಯಿತು. ಅದರ ಹಿಂದಿನ ದಿನ, ಅಂದರೆ ಇವತ್ತು ಭಾನುವಾರ, ಮೊದಲ ಸಲ ಅವರ ಜೊತೆ ಬೇಕರಿಗೆ ಹೋದೆ.

ಪಾಕ ಕುದಿಯುತ್ತಿತ್ತು. ಮಾಮ ಸೊಂಟದಿಂದ ಡಬ್ಬಿ ತೆಗೆದು, ಹೆಬ್ಬೆರಳು ತೋರುಬೆರಳಲ್ಲಿ ಚಿಟಿಕೆ ನಶ್ಯ ಹಿಡಿದು ಮೂಗಿಗೇರಿಸಿದರು. ಎರಡು ಸಲ ಸೀನಿದರು. ಮೂಗನ್ನು ಅದೇ ಬೆರಳಲ್ಲಿ ಒರೆಸಿಕೊಂಡು, ಅದೇ ಎರಡು ಬೆರಳಲ್ಲಿ ಸೌಟಿನ ಪಾಕ ಹಿಡಿದು ಎಳೆ ನೋಡಿದರು. ಎಳೆ ಬರಲಿಲ್ಲ. ಬೆರಳು ನೆಕ್ಕಿ, ಮತ್ತೆ ನಶ್ಯ ಏರಿಸಿ, ಮತ್ತೆ ಪಾಕ ಮುಟ್ಟಿದರು. ಹೀಗೆ ನಾಲ್ಕು ಸಲ. ಉಳಿದ ಪಾಕವನ್ನು ಸೌಟಿನಿಂದ ಪಾತ್ರೆಗೇ ಸುರಿದರು.

ಹೇಳಿಬಿಡೋಣ ಎಂದುಕೊಂಡವಳು ತಟ್ಟೆಗೆ ಸ್ಕೋನ್ ಜೋಡಿಸತೊಡಗಿದೆ. ಅವರಿಗೆ ಬೇಸರವಾದರೆ ನನಗೆ ವ್ಯಾನೇ ಗತಿ.

ಮನೆಗೆ ಬಂದು ನಾನು ಕೈಕಾಲು ತೊಳೆಯುವಷ್ಟರಲ್ಲಿ ಅಪ್ಪ ಆಗಲೇ ಮೂರು ತಿಂದಿದ್ದರು. ಅಮ್ಮ ಮಾಮನ ತಟ್ಟೆಗೂ ಒಂದು ಇಟ್ಟರು. ಮಾಮ ಅದನ್ನೆತ್ತಿ ನನ್ನ ನಾಲ್ಕು ವರ್ಷದ ತಂಗಿ ಭೂಮಿಯ ಕೈಗೆ ಕೊಟ್ಟರು. ಇಷ್ಟು ವರ್ಷದಲ್ಲಿ ಅವರು ಒಂದನ್ನೂ ತಿಂದದ್ದನ್ನು ನೋಡಿಲ್ಲ ಎಂದು ಆಗ ಹೊಳೆಯಿತು. ಭೂಮಿ ಪಾಕ ನೆಕ್ಕಲು ನಾಲಿಗೆ ಚಾಚಿದಳು. ನಾನು ಕಿತ್ತುಕೊಂಡೆ. ಅವಳು ಅತ್ತಳು.

"ಏನೇ ಜಯಪ್ರಿಯಾ, ಮಗು ಕೈಯಿಂದಾನಾ?" ಎಂದರು ಅಮ್ಮ.

"ಮಾಮ, ಇದನ್ನ ನೀವು ತಿನ್ನಿ."

"ದಿನಾ ಇದರ ಜೊತೆಗೇ ಬಾಳೋನಿಗೆ ಯಾಕಮ್ಮ ಇದು" ಎಂದು ಮಾಮ ನಕ್ಕರು.

"ಒಂದೇ ಒಂದು ಕಚ್ಚಿ."

ಅವರು ಮುಟ್ಟಲಿಲ್ಲ.

"ಇದು ಏಲಕ್ಕಿ ಅಲ್ಲ. ನಶ್ಯ" ಎಂದೆ. ನನ್ನ ದನಿ ನನಗೇ ಸರಿಯಾಗಿ ಕೇಳಿಸಲಿಲ್ಲ. ಆದರೆ ಅಜ್ಜಿಗೆ ಕೇಳಿಸಿತು. ಬಾಯಲ್ಲಿದ್ದದ್ದನ್ನು ಸೆರಗಿಗೆ ಉಗಿದರು. ಅಪ್ಪ ಎದ್ದು ನಲ್ಲಿಯ ಹತ್ತಿರ ತುಂಬ ಹೊತ್ತು ಬಾಯಿ ಮುಕ್ಕಳಿಸಿದರು.

"ದೊಡ್ಡೋರ ಮುಂದೆ ಹೀಗಾ ಮಾತಾಡೋದು?" ಎಂದು ಅಮ್ಮ ಗದರಿದರು. ಆದರೆ ತಮ್ಮ ಕೈಯಲ್ಲಿದ್ದ ಚೂರನ್ನು ತಟ್ಟೆಗೆ ಹಾಕಿದರು.

ಮಾಮ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತರು. "ಒಲೆ ಮುಂದೆ ನಿಂತೂ ನಿಂತೂ ಮೂಗು ಸತ್ತೋಗಿದೆ. ಈ ನಶ್ಯದ ಪೊಡಿ ಹಾಕಿದರೇನೇ ಜೀವ" ಎಂದರು. ಆಮೇಲೆ, "ನಾಳೆ ಬೆಳಗ್ಗೆ ಆರು ಗಂಟೆಗೆ ಬಾ. ಪಾಕ ನೀನೇ ನೋಡ್ಕೋ, ನಾನು ಮುಟ್ಟಲ್ಲ."

ಮೆಟ್ಟಿಲಿಳಿಯುವಾಗಲೇ ಡಬ್ಬಿ ತೆಗೆದರು. ನನಗೆ ಈಗಲೂ ಹೇಸಿಗೆ ಹೋಗಿಲ್ಲ. ಟೀ ಕೂಡ ಕುಡಿಯಲಾಗುತ್ತಿಲ್ಲ.

ನಾಳೆ ಆರು ಗಂಟೆಗೆ ಹೋಗುತ್ತೇನೆ. ಮೊದಲು ಆ ಪಾಕದ ಪಾತ್ರೆಯನ್ನು ಬಿಸಿನೀರು ಹಾಕಿ ಮೂರು ಸಲ ತಿಕ್ಕುತ್ತೇನೆ.