ಬಸುರಿಯ ಗಂಡ ಸವರಿದ ಮಲ್ಲಿಗೆ

ಕತ್ತರಿ ಹಿಡಿದು ಮಲ್ಲಿಗೆ ಗಿಡ ಸವರುವುದರಲ್ಲಿ ಅಟ್ಟೂರಿನ ಸುತ್ತಮುತ್ತ ನನಗೆ ಸಮ ಯಾರೂ ಇರಲಿಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ ಎಂದರೆ ಸುಳ್ಳಾಗುತ್ತದೆ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು. ಜಂಬಪಡಲು ನನಗಿದ್ದದ್ದು ಅಪ್ಪ ಬಿಟ್ಟುಹೋದ ಮಲ್ಲಿಗೆ ತೋಟ, ಒಂದು ಬಾವಿ ಮತ್ತು ನನ್ನ ಕೈ.

ಸ್ವಾತಂತ್ರ್ಯ ಬಂದು ಹತ್ತು ವರ್ಷ ಆಗಿದ್ದಿರಬಹುದು. ಚಳಿಗಾಲದಲ್ಲಿ ಮಲ್ಲಿಗೆಗೆ ನೀರು ನಿಲ್ಲಿಸುತ್ತಿದ್ದೆವು. ಎಲೆ ಉದುರಿ ಗಿಡ ಬಡಕಲಾಗುತ್ತಿತ್ತು. ಸಂಕ್ರಾಂತಿ ಕಳೆದು ಚಳಿ ಇಳಿದ ಮೇಲೆ ಒಣಗಿದ ಕಡ್ಡಿಗಳನ್ನೆಲ್ಲ ತೆಗೆದು, ಹಸಿ ರೆಂಬೆಗಳನ್ನೂ ಮೊಣಕಾಲೆತ್ತರಕ್ಕೆ ಕತ್ತರಿಸಿ, ಗೊಬ್ಬರ ಕೊಟ್ಟು ನೀರು ಹಾಯಿಸಬೇಕು. ಆಗ ಯುಗಾದಿಯ ಹೊತ್ತಿಗೆ ಮೊಗ್ಗು. ಹಸಿಯನ್ನು ಹಾಗೇ ಬಿಟ್ಟರೆ ಗಿಡ ಬರೀ ಎಲೆ ಬಿಡುತ್ತದೆ.

ಆ ವರ್ಷ ನನ್ನ ಹೆಂಡತಿಗೆ ಐದು ತಿಂಗಳು. ಹಿಂದಿನ ವರ್ಷದ ಬಸಿರು ನಿಂತಿರಲಿಲ್ಲ. ನಮ್ಮ ಜನರಲ್ಲಿ ಬಸುರಿಯ ಗಂಡ ಹಸಿ ಗಿಡ ಕಡಿಯುವಂತಿಲ್ಲ, ಕ್ಷೌರ ಮಾಡಿಸಿಕೊಳ್ಳುವಂತಿಲ್ಲ. ಹೊಟ್ಟೆಯಲ್ಲಿರುವ ಕೂಸಿಗೆ ಕೇಡು ಅನ್ನುತ್ತಿದ್ದರು.

“ನಿಮ್ ಸೋದರಮಾವನ್ನ ಕರ್ಕೊಂಬಾ ಮಗಾ, ಈ ಸಲ ಅವ್ನೇ ಸವರ್ಲಿ,” ಎಂದಳು ಅಮ್ಮ.

“ಅವನ ಕೈಗೆ ಕೊಟ್ರೆ ಮೇಕೆ ಮೇಯ್ದಂಗೆ ಮಾಡ್ತಾನೆ. ನಾನು ಒಣಗಿದ್ದು ಮಾತ್ರ ತೆಗೀತೀನಿ. ಸತ್ತಿರೋದನ್ನ ಕಡಿದ್ರೆ ಯಾವ ದೋಷ ಬರುತ್ತೆ?”

ಒಲೆಯ ಮುಂದೆ ಕೂತಿದ್ದ ಹೆಂಡತಿ ತಿರುಗಿ, “ಒಣಗಿದ್ದು ಮಾತ್ರ ಅಲ್ವಾ?” ಎಂದಳು.

“ಅಷ್ಟೇ ಕಣೇ,” ಎಂದೆ.

ಮೊದಮೊದಲು ಮಾತಿನಂತೆ ನಡೆದುಕೊಂಡೆ. ಉಗುರಿನಿಂದ ತೊಗಟೆ ಕೆರೆದು ನೋಡುವುದು, ಒಳಗೆ ಹಸಿರಿದ್ದರೆ ಬಿಡುವುದು, ಕಂದಾಗಿದ್ದರೆ ಕತ್ತರಿ ಹಾಕುವುದು. ಆದರೆ ತಿರುಗಿ ನೋಡಿದರೆ ತೋಟ ತಲೆ ಬಾಚದ ಹುಚ್ಚನ ಹಾಗೆ ಕಾಣುತ್ತಿತ್ತು. ಪಕ್ಕದ ತೋಟದ ಯಜಮಾನರು ವರಸೆಯಲ್ಲಿ ನನಗೆ ಮಾವ ಆಗಬೇಕು. ಒಂದು ದಿನ ಬೇಲಿಯ ಆಚೆ ನಿಂತು ಬೀಡಿ ಹಚ್ಚಿದರು.

“ಏನ್ ಅಳಿಯಾ, ನಿನ್ ಗಡ್ಡಾನೂ ಇಂಗೇ, ಗಿಡಾನೂ ಇಂಗೇ. ಇಬ್ರಿಗೂ ಒಬ್ನೇ ಕ್ಷೌರದೋನಾ?”

ಅವರ ಆಳುಗಳು ನಕ್ಕರು.

“ಊವ ಬಿಡ್ದಿದ್ರೆ ಓಗ್ಲಿ ಬಿಡು, ಎಲೆ ಮಾರ್ಕೊ. ಮೇಕೆಯೋರು ಬಂದು ಕೊಂಡ್ಕೋತಾರೆ.”

ಅವರು ಅತ್ತ ಹೋದದ್ದೇ ತಡ, ಬಾವಿಯ ಪಕ್ಕದ ಎರಡು ಸಾಲನ್ನು ಹಸಿ ಒಣ ಎನ್ನದೆ ಮೊಣಕಾಲೆತ್ತರಕ್ಕೆ ಸವರಿಬಿಟ್ಟೆ. ಸವರುವಾಗ ಹಿತವಾಗಿತ್ತು. ಹೋದ ಮಾನ ವಾಪಸು ಬಂದಂತೆ ಅನ್ನಿಸಿತ್ತು.

ಮಧ್ಯಾಹ್ನ ಹೆಂಡತಿ ಮುದ್ದೆ ತಂದಳು. ಬುಟ್ಟಿ ಇಳಿಸಿ, ಕೆಳಗೆ ಬಿದ್ದಿದ್ದ ಒಂದು ಕಡ್ಡಿ ಎತ್ತಿಕೊಂಡು ಬಾಗಿಸಿದಳು. ಅದು ಮುರಿಯಲಿಲ್ಲ, ಬಾಗಿತು. ಇನ್ನೊಂದು ಎತ್ತಿಕೊಂಡಳು. ಅದೂ ಬಾಗಿತು. ಅವಳು ಜಗಳಕ್ಕೆ ಬಂದರೆ ಹೇಳಲು ನನ್ನ ಬಾಯಲ್ಲಿ ಉತ್ತರವೂ ಸಿದ್ಧವಿತ್ತು. ಅವಳು ಬರಲಿಲ್ಲ. ಹಸಿ ಕಡ್ಡಿಗಳನ್ನು ಆರಿಸಿ ಸೆರಗಿಗೆ ತುಂಬಿಕೊಳ್ಳತೊಡಗಿದಳು.

“ಸೌದೆ ಇಲ್ವಾ ಮನೇಲಿ?” ಎಂದೆ.

“ಒಲೆಗಲ್ಲ, ನೆಡ್ತೀನಿ. ಬದುಕ್ಕೊಂಡ್ರೆ ಕಡಿದಂಗೆ ಆಗಲ್ಲ.”

ಹಿತ್ತಲಲ್ಲಿ ಮಣ್ಣು ಅಗೆದು ಮಡಿ ಮಾಡಿ ಎಲ್ಲವನ್ನೂ ಒತ್ತೊತ್ತಾಗಿ ನೆಟ್ಟಳು. ಬಿಸಿಲು ಏರುತ್ತಿದ್ದ ಕಾಲ, ದಿನಾ ನೀರು ಬೇಕು. ಹೊಟ್ಟೆ ಹೊತ್ತುಕೊಂಡು, ಸೊಂಟದಲ್ಲಿ ಕೊಡ ಇಟ್ಟುಕೊಂಡು ಬಾವಿಯಿಂದ ಹಿತ್ತಲಿಗೆ ಓಡಾಡಿದಳು. ಕೊಡ ಇಸಿದುಕೊಳ್ಳಲು ಹೋದೆ.

“ಬೇಡ, ನೀವು ಮುಟ್ಬೇಡಿ,” ಎಂದಳು. ಸಿಟ್ಟಿನಿಂದಲ್ಲ. ಸಿಟ್ಟಿದ್ದರೆ ನಾನು ಗೆಲ್ಲುತ್ತಿದ್ದೆ. “ನಿಮ್ ಕೈ ತಾಕಿ ಇದೂ ಓಗ್ಬಿಟ್ರೆ ನಾನೇನ್ ಮಾಡ್ಲಿ?”

ಅಮ್ಮ ಜಗಲಿಯಿಂದ ನೋಡುತ್ತಿದ್ದಳು. “ನಿನ್ ಕತ್ರಿ ಯಾರ್ ಸೊಂಟ ಮುರೀತಾ ಐತೆ ನೋಡ್ಲಾ,” ಎಂದಳು. ಆಮೇಲೆ ತಾನೇ ಎದ್ದು ಹೋಗಿ ಇನ್ನೊಂದು ಕೊಡ ಹಿಡಿದಳು. ಮನೆಯ ಗಂಡಸು ನಾನು, ಇಬ್ಬರು ಹೆಂಗಸರು ನೀರು ಹೊರುವುದನ್ನು ನೋಡುತ್ತ ನಿಂತಿದ್ದೆ.

ಯುಗಾದಿಗೆ ಆ ಎರಡು ಸಾಲು ಬೆಳ್ಳಗೆ ಬಿಟ್ಟವು. ಪಕ್ಕದ ತೋಟದ ಮಾವ ಬಂದು ನೋಡಿ, “ಕೈ ಅಂದ್ರೆ ಇದು,” ಎಂದು ಹೊಗಳಿದರು. ಹಬ್ಬದ ದಿನವೂ ಹೆಂಡತಿ ಆ ಸಾಲಿನ ಹೂವು ಮುಡಿಯಲಿಲ್ಲ.

ಹೆರಿಗೆಗೆ ಶೆಟ್ಟಿಹಳ್ಳಿಯ ತವರಿಗೆ ಹೊರಟಾಗ ಅಮ್ಮನಿಗೆ ಮಡಿಯ ಜವಾಬ್ದಾರಿ ಒಪ್ಪಿಸಿ ಹೋದಳು. ಅಮ್ಮ ನೀರು ತಪ್ಪಿಸಲಿಲ್ಲ. ಆದರೂ ಆ ಬೇಸಗೆಯಲ್ಲಿ ಕಡ್ಡಿಗಳು ಒಂದೊಂದಾಗಿ ಒಣಗಿದವು. ಬೇರು ಹಿಡಿದವು ಕೆಲವೇ. ಒಣಗಿದ ಕಡ್ಡಿ ಕಂಡರೆ ಸುಮ್ಮನಿರದ ಕೈ ನನ್ನದು, ಅವುಗಳ ಹತ್ತಿರ ಹೋಗಲು ಹೆದರುತ್ತಿತ್ತು. ದೋಷಗೀಷ ನಂಬದವನು ನಾನು, ಹಿತ್ತಲಿಗೆ ಹೋಗುವುದನ್ನೇ ಬಿಟ್ಟೆ.

ಹೆಣ್ಣು ಮಗುವಾಯಿತು ಎಂದು ಸುದ್ದಿ ಬಂದಾಗ ಸೈಕಲ್ ತುಳಿದುಕೊಂಡು ಹೋದೆ. ಮಗು ಗಟ್ಟಿಮುಟ್ಟಾಗಿತ್ತು, ಚೀರುತ್ತಿತ್ತು. ಅದನ್ನು ನನಗೆ ತೋರಿಸುವ ಮೊದಲೇ ಹೆಂಡತಿ, “ಕಡ್ಡಿಗಳು ಇದಾವಾ?” ಎಂದು ಕೇಳಿದಳು.

“ಇದಾವೆ,” ಎಂದೆ.

ಮೂರನೇ ತಿಂಗಳಿಗೆ ಊರಿಗೆ ಬಂದವಳು ಮಗುವನ್ನು ನನ್ನ ಕೈಗೆ ಕೊಟ್ಟು ನೇರವಾಗಿ ಹಿತ್ತಲಿಗೆ ನಡೆದಳು. ನಾನೂ ಹಿಂದೆ ಹೋದೆ. ಮಡಿಯ ಮುಂದೆ ಕೂತು ಒಂದೊಂದೇ ಕಡ್ಡಿ ಮುಟ್ಟಿ ನೋಡಿದಳು.

“ಇದಾವೆ ಅಂದ್ರಿ.”

ನಾನು ಮಗುವಿನ ಮುಖ ನೋಡುತ್ತ ನಿಂತೆ.

“ಇವು ಒಣಗಿದ್ರೂ ಕೂಸು ಉಳೀತು. ಸುಮ್ನೆ ಎದ್ರುಕೊಂಡಿದ್ದೆ ನೋಡಿ,” ಎಂದು ನಕ್ಕಳು. ಆ ನಗು ನೋಡಿದಾಗಲೇ ಅಷ್ಟು ತಿಂಗಳು ಅವಳು ಹೇಗೆ ನಿದ್ದೆ ಮಾಡಿರಬಹುದು ಎಂಬುದು ನನಗೆ ಹೊಳೆದದ್ದು. ತಪ್ಪಾಯಿತು ಎನ್ನಬೇಕಿತ್ತು. ಆ ಮಾತು ನನ್ನ ಬಾಯಿಗೆ ರೂಢಿ ಇರಲಿಲ್ಲ.

ಅವಳು ಒಣಗಿದ್ದನ್ನೆಲ್ಲ ಕಿತ್ತು ಬಚ್ಚಲ ಒಲೆಗೆ ಹಾಕಿ, ಮಗುವಿಗೆ ಎರೆಯಲು ಹಂಡೆಯಲ್ಲಿ ನೀರು ಕಾಯಿಸಿದಳು.

“ಕಾದಿದ್ಯಾ ನೋಡಿ,” ಎಂದಳು.

ಕೈ ಅದ್ದಿ ನೋಡಿ, ಕಾದಿದೆ ಎಂದೆ.