ರೋಲರಿಗೆ ಬಿದ್ದ ಎಣ್ಣೆ

ಅಕ್ಟೋಬರ್ 5, ಭಾನುವಾರ, ಬೆಳಿಗ್ಗೆ 6.10. ಅಕ್ವೇರಿಯಂ ದೀಪ ಹತ್ತಿದಾಗ ಹವಳದ ಮೂರು ಕೊಂಬೆಗಳ ತುದಿ ಬೆಳ್ಳಗಾಗಿದ್ದನ್ನು ಕಂಡೆ. ನಿನ್ನೆ ಒಂದೇ ಇತ್ತು. ನೀರು ಬದಲಿಸಿದ್ದಕ್ಕೆ ಹೀಗಾಗಿದೆ ಎಂದು ಪುಸ್ತಕದಲ್ಲಿ ಬರೆದುಕೊಂಡು ಸುಮ್ಮನಾಗಿದ್ದೆ.

ಹವಳ ಕಲ್ಲಲ್ಲ, ಜೀವ; ಬೆಳ್ಳಗಾದರೆ ಸೊರಗುತ್ತಿದೆ ಎಂದರ್ಥ. ಹೆಬ್ಬೆರಳ ಉಗುರಿನಷ್ಟು ತುಂಡನ್ನು ತಂದು ಎರಡು ವರ್ಷ ಎರಡು ತಿಂಗಳು ಸಾಕಿದ್ದೇನೆ, ಈಗ ಅಂಗೈಯಗಲ. ಸಮುದ್ರವಿಲ್ಲದ ವಿಜಯಪುರದಲ್ಲಿ ಅದಕ್ಕೆ ಬೇಕಾದ ಖನಿಜದ ದ್ರಾವಣವನ್ನು ಉಪ್ಪುನೀರಿಗೆ ಸೇರಿಸುವುದು ಮುಷ್ಟಿಗಾತ್ರದ ಒಂದು ಪಂಪು. ಅದರೊಳಗಿನ ಮೂರು ಪುಟ್ಟ ರೋಲರುಗಳು ಸಿಲಿಕೋನ್ ಕೊಳವೆಯನ್ನು ಒತ್ತುತ್ತ ಸುತ್ತಿದರೆ ದ್ರಾವಣ ಮುಂದಕ್ಕೆ ಹೋಗುತ್ತದೆ. ದಿನಕ್ಕೆ ಹನ್ನೆರಡು ಎಂ.ಎಲ್. ಎರಡು ತಿಂಗಳಿಗೊಮ್ಮೆ ಬಿಚ್ಚಿ, ಬೆಚ್ಚನೆಯ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ರೋಲರುಗಳ ಮೇಲಿನ ಉಪ್ಪಿನ ಕರೆ ಒರೆಸುತ್ತೇನೆ. ಈವರೆಗೆ ಹದಿಮೂರು ಸಲ.

ಖನಿಜ ಸಾಲದೆ ಹೀಗಾಯಿತೇ ಎಂದು ಪಂಪಿನ ಮುಚ್ಚಳ ತೆಗೆದೆ. ಒಳಗೆಲ್ಲ ಎಣ್ಣೆ. ಮೂಗಿಗೆ ಹಿಡಿದರೆ ನಮ್ಮ ಶೆಡ್ಡಿನ ವಾಸನೆ. ಮನೆಯ ಹಿಂದೆ ರೇಷ್ಮೆ ಹುರಿ ಮಾಡುವ ಯಂತ್ರಗಳಿವೆ. ಅವುಗಳ ಕದಿರಿಗೆ ದೊಡ್ಡಪ್ಪ ಹಾಕುವ ಎಣ್ಣೆಯೇ ಇದು. ಕಳೆದ ಬುಧವಾರ, ಒಂದನೇ ತಾರೀಖು, ಆಯುಧಪೂಜೆ ಇತ್ತು. ಅಂದು ನಮ್ಮಲ್ಲಿ ತಿರುಗುವುದೆಲ್ಲಕ್ಕೂ ಎಣ್ಣೆ, ಕುಂಕುಮ: ಯಂತ್ರ, ಬೈಕು, ಹೊಲಿಗೆ ಮಿಷನ್ನು. ಪಂಪಿನ ಮೇಲಿದ್ದ ಕುಂಕುಮದ ಬೊಟ್ಟನ್ನು ಅಂದೇ ನೋಡಿ ನಕ್ಕಿದ್ದೆ. ಒಳಗೆ ನೋಡಿರಲಿಲ್ಲ.

ವೈರು ಕಿತ್ತು, ಪಂಪು ಹಿಡಿದುಕೊಂಡೇ ಶೆಡ್ಡಿಗೆ ಹೋದೆ.

"ಇದನ್ಯಾಕೆ ಮುಟ್ಟಿದ್ರಿ ದೊಡ್ಡಪ್ಪ?"

"ಏನಮ್ಮ, ಬೆಳಗ್ ಬೆಳಗ್ಗೇನೇ? ಕಿರ್ ಅಂತಿತ್ತು. ಮುಚ್ಚಳ ತೆಗ್ದು ಎರಡು ತೊಟ್ಟು ಬಿಟ್ಟೆ. ಈಗ ನೋಡು, ಸದ್ದೇ ಇಲ್ಲ."

"ಸದ್ದಿಲ್ದೆ ಇರೋದು ಜಾರ್ತಿರೋದ್ರಿಂದ! ಮಧ್ಯದ ಶಾಫ್ಟು ಉಜ್ಜಿದ್ರೇನೇ ರೋಲರ್ ತಿರುಗೋದು. ಎಣ್ಣೆ ಬಿದ್ರೆ ಶಾಫ್ಟ್ ಮಾತ್ರ ಸುತ್ತುತ್ತೆ, ರೋಲರ್ ನಿಂತ್ ನಿಂತ್ ತಿರುಗುತ್ತೆ."

ದೊಡ್ಡಪ್ಪ ಎಣ್ಣೆಡಬ್ಬಿ ಕೆಳಗಿಟ್ಟರು. "ಅಂದ್ರೆ ಬೆಲ್ಟ್ ಇದ್ದಂಗಾ? ಬೆಲ್ಟಿಗೆ ಎಣ್ಣೆ ಬಿಡೋ ದಡ್ಡ ಈ ಊರಲ್ಲೇ ಇಲ್ಲ ಕಣಮ್ಮ. ಬಾಗ್ಲು ಹಾಕ್ಕೊಂಡು ಬಿಚ್ತೀಯ, ಒರೆಸ್ತೀಯ. ಒಂದಿನ ಕರೆದು ತೋರ್ಸಿದ್ಯಾ?"

"ಕೇಳಿದ್ರಾ ನೀವು?"

"ಕೇಳಿದ್ದೆ. 'ನಿಮಗೆ ಅರ್ಥ ಆಗಲ್ಲ' ಅಂದೆ. ಅದನ್ನೂ ಬರ್ಕೊಂಡಿದೀಯಾ ಆ ಪುಸ್ತಕದಲ್ಲಿ?"

ಪಂಪು ಹಿಡಿದು ಒಳಗೆ ಬಂದೆ. ಒರೆಸುವ ಮೊದಲು ವೈರು ಮತ್ತೆ ಹಾಕಿ, ಒಂದು ದಿನದ ಪಾಲಿನಷ್ಟು ಪಂಪು ಓಡಿಸಿ, ಬಂದ ದ್ರಾವಣವನ್ನು ಸಿರಿಂಜಿನಲ್ಲಿ ಅಳೆದೆ: ಮೂರು ಎಂ.ಎಲ್. ಪಂಪಿನ ಪರದೆ ಹನ್ನೆರಡು ಎನ್ನುತ್ತಿತ್ತು. ಅದು ಎಣಿಸುವುದು ಮೋಟರಿನ ಸುತ್ತನ್ನು, ಹೊರಬಂದ ದ್ರಾವಣವನ್ನಲ್ಲ. ಪುಸ್ತಕ ತೆರೆದೆ. ಒಂದನೇ ತಾರೀಖು 12. ಎರಡು, 12. ಮೂರು, 12. ನಾಲ್ಕು, 12. ಎಲ್ಲವೂ ಪರದೆ ನೋಡಿ ಬರೆದದ್ದು. ಸಿರಿಂಜು ಪಕ್ಕದಲ್ಲೇ ಇತ್ತು. ಮೂವತ್ತಾರು ಎಂ.ಎಲ್. ಕೊರತೆಯನ್ನು ನನ್ನದೇ ಅಂದವಾದ ಅಕ್ಷರದಲ್ಲಿ ಮುಚ್ಚಿಟ್ಟಿದ್ದೆ.

ದೊಡ್ಡಪ್ಪನ ಮೇಲಿನ ಸಿಟ್ಟು ಇಳಿದಿಲ್ಲ. ಕೇಳದೆ ಮುಟ್ಟಿದ್ದು ತಪ್ಪೇ. ಆದರೆ ಅವರು ಎಣ್ಣೆ ಬಿಟ್ಟಿದ್ದು ಒಂದು ಸಲ, ನಾನು ಸುಳ್ಳು ಬರೆದದ್ದು ನಾಲ್ಕು ಸಲ. ಆ ಪುಟಕ್ಕೆ ಅಡ್ಡಗೀಟು ಎಳೆಯುವಾಗ ಹಾಳೆ ಹರಿಯಿತು.

ರೋಲರುಗಳನ್ನು ಸೋಪುನೀರಿನಲ್ಲಿ ಮೂರು ಸಲ ತೊಳೆದೆ. ಎಣ್ಣೆ ಕುಡಿದು ಉಬ್ಬಿದ್ದ ಕೊಳವೆ ಎಸೆದು ಹೊಸದು ಹಾಕಿದೆ. ಅಷ್ಟರಲ್ಲಿ ದೊಡ್ಡಪ್ಪ ಒಗೆದ ಹತ್ತಿಬಟ್ಟೆಯೊಂದನ್ನು ತಂದು ಹೊಸ್ತಿಲಲ್ಲಿ ನಿಂತರು. ತೆಗೆದುಕೊಂಡೆ. ಬಾಗಿಲು ಹಾಕಲಿಲ್ಲ. ಒರೆಸಿ ಮುಗಿಯುವವರೆಗೂ ನೋಡುತ್ತ ನಿಂತಿದ್ದರು. 9.30ಕ್ಕೆ ಅಳೆದಾಗ ಸರಿಯಾಗಿ ಹನ್ನೆರಡು.

ಸಂಜೆ ನಾಲ್ಕಕ್ಕೆ ಬಿಳಿ ತುದಿಗಳು ಐದು. ಕೊರತೆಯನ್ನೆಲ್ಲ ಒಂದೇ ಸಲ ಸುರಿದುಬಿಡಲು ಕೈ ತುಡಿಯುತ್ತಿದೆ. ಹಾಗೆ ಸುರಿದರೆ ಉಳಿದದ್ದೂ ಸಾಯಬಹುದು. ಇದನ್ನು ಓದುವವರಲ್ಲಿ, ಎಷ್ಟು ದಿನಕ್ಕೆ ಹಂಚಿ ತುಂಬಬೇಕೆಂದು ತಿಳಿದವರು, ಬಿಳಿಯಾದ ತುದಿಗೆ ಬಣ್ಣ ಮರಳಿದ್ದನ್ನು ಕಂಡವರು ದಯವಿಟ್ಟು ಬರೆದು ತಿಳಿಸಿ. ಅಂದಾಜು ಬೇಡ, ಕೈಯಾರೆ ಅಳೆದದ್ದನ್ನು ಮಾತ್ರ ಬರೆಯಿರಿ.